ಪಿಕಪ್ಪಿಗೇ ಪಿಕಪ್ ಇಲ್ಲ: ಒಂದು ಹಳೇ ಕಾರ್ಬುರೇಟರಿನ ಪ್ರಕರಣ

ಎಮಿಷನ್ ಟೆಸ್ಟ್ ಮಾಡುವ ಹುಡುಗ ಸೈಲೆನ್ಸರಿಗೆ ಪೈಪು ತೂರಿಸಿ ಕಂಪ್ಯೂಟರ್ ಕಡೆ ನೋಡಿದ. ಆಮೇಲೆ ಗಾಡಿ ಕಡೆ ನೋಡಿದ. ಮತ್ತೆ ಕಂಪ್ಯೂಟರ್ ನೋಡಿದ. ಕಾರ್ಬನ್ ಮಾನಾಕ್ಸೈಡ್ 6.8 ಪರ್ಸೆಂಟ್ ಅಂತ ಬಂದಿತ್ತು. ಇಷ್ಟು ಹಳೇ ಪೆಟ್ರೋಲ್ ಗಾಡಿಗೆ ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಸುಮ್ನೆ ಓಡುವಾಗ, 3 ಪರ್ಸೆಂಟ್ ದಾಟುವಂತಿಲ್ಲ.

“ಕಾರ್ಬುರೇಟರ್ ಟ್ಯೂನ್ ಮಾಡಿಸ್ಕೊಂಡು ಬನ್ನಿ ಸಾರ್.”

“ಮೂರು ಸಲ ಮಾಡ್ಸಿ ಆಯ್ತು ಮಾರಾಯ” ಅಂದರು ಚಿಕ್ಕಪ್ಪ.

ಗಾಡಿ ಅವರದ್ದು. ಎಫ್‌ಸಿ-150 ಪಿಕಪ್. ಅಮೆರಿಕದ ವಿಲ್ಲೀಸ್ ಕಂಪನಿ 1950ರ ದಶಕದ ಕೊನೆಗೆ ತಂದದ್ದು, ಇಲ್ಲಿ ಮಹೀಂದ್ರ 1965ರಿಂದ ಕಟ್ಟಿದ್ದು. ನೋಡದವರಿಗೆ ಹೇಳುವುದಾದರೆ, ಜೀಪಿನ ಮೂತಿ ಕತ್ತರಿಸಿ ಬಿಸಾಕಿ, ಡ್ರೈವರನ್ನು ಎಂಜಿನ್ ಪಕ್ಕಕ್ಕೇ ತಂದು ಕೂರಿಸಿದ ಹಾಗಿದೆ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಬರೀ 81 ಇಂಚು. ತೋಟದ ರಸ್ತೆಯ ತಿರುವಿನಲ್ಲಿ ಬೇರೆ ಗಾಡಿ ರಿವರ್ಸ್ ತೆಗೆಯುವ ಕಡೆ ಇದು ಸುಮ್ನೆ ತಿರುಗುತ್ತದೆ. ಎಂಜಿನ್ನಿಗೆ ಬಾನೆಟ್ ಇಲ್ಲ. ಕ್ಯಾಬಿನ್ ಒಳಗೆ ಎರಡು ಸೀಟಿನ ಮಧ್ಯೆ ಒಂದು ತಗಡಿನ ಪೆಟ್ಟಿಗೆ ಇದೆ, ಅದರ ಮುಚ್ಚಳ ಎತ್ತಿದರೆ ಕಾರ್ಬುರೇಟರ್, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ. ಹಾಗಾಗಿ ಪೆಟ್ರೋಲ್ ವಾಸನೆ ಬಂದರೆ ಮೊದಲು ಗೊತ್ತಾಗೋದು ಡ್ರೈವರ್ ಮೂಗಿಗೆ.

ಎಂಜಿನ್ ವಿಲ್ಲೀಸ್‌ನ ಹರಿಕೇನ್. ನಾಲ್ಕು ಸಿಲಿಂಡರ್, 2,199 ಸಿಸಿ. ಇನ್‌ಟೇಕ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಈ ವಿಚಿತ್ರ ಜೋಡಣೆಯಿಂದ ನಮಗೊಂದು ಉಪಕಾರವಾಯಿತು. ಇದರ ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿ, ಪೆಟ್ರೋಲು ಸಿಲಿಂಡರಿಗೆ ಹೋಗುವ ಕೊಳವೆ) ಹೆಡ್ಡಿನ ಜೊತೆ ಒಂದೇ ಎರಕ. ಕಾರ್ಬುರೇಟರ್ ನೇರ ಹೆಡ್ಡಿನ ಮೇಲೇ ಕೂರುತ್ತದೆ. ಮ್ಯಾನಿಫೋಲ್ಡ್ ಪ್ಯಾಕಿಂಗ್ ಹೋಗಿ ಗಾಳಿ ಎಳೆಯುತ್ತಿದೆಯೇ ಅನ್ನೋ ಪ್ರಶ್ನೆಯೇ ಹುಟ್ಟುವುದಿಲ್ಲ. ನಮ್ಮ ಗಾಡಿಯ ಮೇಲಿದ್ದ ಕಾರ್ಬುರೇಟರ್ ಕಾರ್ಟರ್ ವೈಎಫ್, ಒಂದೇ ಗಂಟಲಿನದು.

ಚಿಕ್ಕಪ್ಪನ ದೂರು ಹೀಗಿತ್ತು. ಐಡ್ಲಿಂಗ್ ನಿಲ್ಲಲ್ಲ. ನಿಂತರೂ ಏರುತ್ತೆ, ಇಳಿಯುತ್ತೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಒಂದು ಸಲ ಮುಗ್ಗರಿಸಿ ಆಮೇಲೆ ಎಳೆಯುತ್ತೆ. ಕಪ್ಪು ಹೊಗೆ. ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗೋಕೆ ಬ್ಯಾಟರಿ ಅರ್ಧ ಖಾಲಿ. ಲೀಟರಿಗೆ ನಾಲ್ಕೂವರೆ ಕಿಲೋಮೀಟರ್.

ಮೊದಲನೇ ಮೆಕ್ಯಾನಿಕ್ ಐಡ್ಲಿಂಗ್ ಸ್ಕ್ರೂ ತಿರುಗಿಸಿ ರೇಸ್ ಜಾಸ್ತಿ ಇಟ್ಟು ಕಳಿಸಿದ್ದ. ಎರಡನೆಯವನು “ಪೆಟ್ರೋಲ್ ಸಾಲ್ತಿಲ್ಲ” ಅಂತ ಕಾರ್ಬುರೇಟರ್ ಬಿಚ್ಚಿ ಏನೇನೋ ಮಾಡಿದ್ದ. ಮೂರನೆಯವನು ಪೆಟ್ರೋಲಲ್ಲಿ ತೊಳೆದು ಕೂರಿಸಿ, ಎಂಜಿನ್ ಕೆಲಸ ಬಂದಿದೆ, ಸುಮ್ನೆ ಒಂದು ಡೀಸೆಲ್ ಎಂಜಿನ್ ಇಳಿಸಿಬಿಡಿ ಅಂದಿದ್ದ. ಆ ಮಾತಿಗೇ ಚಿಕ್ಕಪ್ಪನಿಗೆ ಸಿಟ್ಟು ಬಂದು ಗಾಡಿ ನನ್ನ ಶೆಡ್ಡಿಗೆ ಬಂತು. ನಾನೇನು ಮೆಕ್ಯಾನಿಕ್ ಅಲ್ಲ. ಹಳೇ ಜೀಪು ಬಿಚ್ಚಿ ಕೂರಿಸುವ ಚಟ ಇದೆ, ಅಷ್ಟೇ.

ಎತ್ತರದ ಮೇಲೆ ತಪ್ಪು ಹಾಕಿದ್ದು

ನಾನು ಮಾಡಿದ ಮೊದಲ ತಪ್ಪು, ಗಾಡಿ ಮುಟ್ಟುವ ಮೊದಲೇ ಉತ್ತರ ಹೇಳಿದ್ದು. ಎರಡು ವರ್ಷದ ಹಿಂದೆ ಇದನ್ನು ಮಂಗಳೂರಿನ ಕಡೆಯಿಂದ ತಂದದ್ದು. ಅಲ್ಲಿ ಸಮುದ್ರದ ಮಟ್ಟ. ನಮ್ಮ ತೋಟ ಮೂಡಿಗೆರೆ ಕಡೆ, ಹೆಚ್ಚುಕಮ್ಮಿ 1,000 ಮೀಟರ್ ಎತ್ತರ. ಚಾರ್ಮಾಡಿ ಘಾಟಿ ಹತ್ತಿದರೆ ಗಾಳಿ ತೆಳುವಾಗುತ್ತದೆ, ಪೆಟ್ರೋಲ್ ಬರುವ ತೂತು, ಅಂದರೆ ಜೆಟ್, ಅಷ್ಟೇ ಇರುತ್ತದೆ, ಅದಕ್ಕೇ ಮಿಕ್ಸ್ಚರ್‌ನಲ್ಲಿ ಗಾಳಿಗಿಂತ ಪೆಟ್ರೋಲ್ ಪಾಲು ಹೆಚ್ಚಿ, ದಪ್ಪವಾಗಿ ಹೊಗೆ ಬರ್ತಿದೆ ಅಂದೆ. ಚಿಕ್ಕಪ್ಪ ತಲೆ ಅಲ್ಲಾಡಿಸಿದರು. ನನಗೂ ಖುಷಿಯಾಯಿತು.

ರಾತ್ರಿ ಕೂತು ಲೆಕ್ಕ ಹಾಕಿದಾಗ ಖುಷಿ ಇಳಿಯಿತು. 1,000 ಮೀಟರಿಗೆ ಗಾಳಿ ನೂರಕ್ಕೆ ಒಂಬತ್ತು ಭಾಗ ತೆಳುವಾಗುತ್ತದೆ. ಆದರೆ ಗಾಳಿ ತೆಳುವಾದರೆ ಕಾರ್ಬುರೇಟರಿನ ಗಂಟಲಿನಲ್ಲಿ ಹೀರುವ ಬಲವೂ ಕಡಿಮೆಯಾಗುತ್ತದೆ, ಅದು ಎಳೆಯುವ ಪೆಟ್ರೋಲೂ ಸ್ವಲ್ಪ ಕಡಿಮೆಯಾಗುತ್ತದೆ. ಕೊನೆಗೆ ಮಿಕ್ಸ್ಚರ್ ದಪ್ಪವಾಗೋದು ನೂರಕ್ಕೆ ನಾಲ್ಕೈದು ಮಾತ್ರ. ಇತ್ತ ಬಂಕಿನ ಪೆಟ್ರೋಲೂ ಬದಲಾಗಿದೆ. ಈಗ ಅದರಲ್ಲಿ ಶೇಕಡಾ 20ರವರೆಗೆ ಎಥೆನಾಲ್. ಬರೀ ಪೆಟ್ರೋಲ್ ಸರಿಯಾಗಿ ಉರಿಯೋಕೆ ತೂಕದಲ್ಲಿ ಒಂದಕ್ಕೆ 14.7 ಪಾಲು ಗಾಳಿ ಬೇಕು. ಈ ಎಥೆನಾಲ್ ಬೆರೆತ ಪೆಟ್ರೋಲಿಗೆ, ಅಂದರೆ ಇ20ಗೆ, ಸುಮಾರು 13.5 ಸಾಕು. ಅಂದರೆ ಹಳೇ ಜೆಟ್ಟಿನಲ್ಲಿ ಇ20 ಹಾಕಿದರೆ ಮಿಕ್ಸ್ಚರ್ ತೆಳುವಾಗಬೇಕು. ಎತ್ತರ ಒಂದು ಕಡೆ ಎಳೆದರೆ ಎಥೆನಾಲ್ ಇನ್ನೊಂದು ಕಡೆ. ಎರಡೂ ಸೇರಿ ನಮ್ಮ ಗಾಡಿ ಚೂರು ತೆಳುವಾಗಿ ಓಡಬೇಕಿತ್ತು. 6.8 ಬರಲು ಸಾಧ್ಯವೇ ಇಲ್ಲ.

ಬೆಳಗ್ಗೆ ಚಿಕ್ಕಪ್ಪನಿಗೆ ಫೋನ್ ಮಾಡಿ ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. ಇದು ಯಾವಾಗಿಂದ?

“ತಂದಾಗ ಚೆನ್ನಾಗೇ ಇತ್ತಲ್ಲ. ಕಳೆದ ಮಳೆಗಾಲದಿಂದ ಶುರುವಾಯ್ತು.”

ಹಾಗಾದರೆ ಘಾಟಿ ಹತ್ತಿಸಿ ತಂದ ಮೇಲೂ ಒಂದು ವರ್ಷ ಚೆನ್ನಾಗಿ ಓಡಿದೆ. ಎತ್ತರದ ಮಾತು ಅಲ್ಲಿಗೆ ಮುಗಿಯಿತು. “ಮಳೆಗಾಲದಲ್ಲಿ ಏನಾದ್ರೂ ಕೆಲಸ ಮಾಡ್ಸಿದ್ರಾ?” ಅಂದರೆ, “ಎಂಜಿನ್ನಿಗೆ ಎಂತದೂ ಮಾಡ್ಸಿಲ್ಲ” ಅಂದರು. ಅವರು ಸುಳ್ಳು ಹೇಳಲಿಲ್ಲ.

ಮೊದಲು ಕಿಡಿ, ಆಮೇಲೆ ಪೆಟ್ರೋಲ್

ಕಾರ್ಬುರೇಟರ್ ಮುಟ್ಟುವ ಮೊದಲು ಕಿಡಿ ನೋಡಬೇಕು ಅನ್ನೋದು ಹಳಬರ ಪಾಠ. ನೋಡಿದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೊ ಒಳಗಿನ ಪಾಯಿಂಟ್ ಗ್ಯಾಪ್ 0.020 ಇಂಚು ಇರಬೇಕು, ಸವೆದು ಅದರ ಅರ್ಧದಷ್ಟಾಗಿತ್ತು. ಹೊಸ ಪಾಯಿಂಟ್, ಹೊಸ ಕಂಡೆನ್ಸರ್ ಹಾಕಿದೆ. ಪ್ಲಗ್ಗುಗಳು ನಾಲ್ಕೂ ಒಲೆಯ ಮೇಲಿನ ಮಾಡಿನ ಹಾಗೆ ಮಸಿ. ಹೊಸದಕ್ಕೆ 0.030 ಇಂಚು ಗ್ಯಾಪ್ ಇಟ್ಟೆ. ಟೈಮಿಂಗ್ 5 ಡಿಗ್ರಿ ಮುಂದಕ್ಕೆ. ಕಂಪ್ರೆಷನ್ (ಸಿಲಿಂಡರಿನ ಒಳಗಿನ ಒತ್ತಡ) ನೋಡಿದರೆ ನಾಲ್ಕೂ ಸಿಲಿಂಡರ್ 100ರಿಂದ 108 ಪೌಂಡ್ ಒಳಗೆ ಬಂತು. ಈ ಎಂಜಿನ್ನಿನ ಕಂಪ್ರೆಷನ್ ಮೊದಲೇ ಕಡಿಮೆ, ಮೇಲೆ ನಮ್ಮ ಎತ್ತರ. ನಾಲ್ಕೂ ಒಂದೇ ಸಮ ಇದ್ದದ್ದೇ ಸಮಾಧಾನ. ಡೀಸೆಲ್ ಎಂಜಿನ್ ಇಳಿಸುವ ಕಥೆ ಅಲ್ಲೇ ಸತ್ತಿತು.

ಇಷ್ಟೆಲ್ಲ ಮಾಡಿದ ಮೇಲೆ ಸ್ಟಾರ್ಟ್ ಬೇಗ ಆಯಿತು. ಹೊಗೆ ಹಾಗೇ ಇತ್ತು.

ಸ್ಕ್ರೂ ಮುಚ್ಚಿದರೂ ಸಾಯದ ಎಂಜಿನ್

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮೂವರು ಮೆಕ್ಯಾನಿಕ್ಕರೂ ತಪ್ಪಿದ್ದು ಇಲ್ಲೇ.

ಆಕ್ಸಿಲರೇಟರ್ ಒತ್ತದೆ ಇರುವಾಗ ಕಾರ್ಬುರೇಟರಿನ ತಳದಲ್ಲಿರುವ ಥ್ರಾಟಲ್ ತಗಡು ಬಹುತೇಕ ಮುಚ್ಚಿರುತ್ತದೆ. ಆಗ ಎಂಜಿನ್ನಿಗೆ ಪೆಟ್ರೋಲ್ ಹೋಗುವುದು ಆ ತಗಡಿನ ಕೆಳಗಿರುವ ಒಂದು ಸಣ್ಣ ತೂತಿನಿಂದ. ಮಿಕ್ಸ್ಚರ್ ಸ್ಕ್ರೂನ ಚೂಪು ತುದಿ ಕೂರುವುದು ಆ ತೂತಿನಲ್ಲೇ. ಅದರ ಸ್ವಲ್ಪ ಮೇಲೆ ಒಂದು ಸೀಳು ಇದೆ. ತಗಡು ಚೂರು ತೆರೆದುಕೊಂಡರೆ ಆ ಸೀಳಿನಿಂದಲೂ ಪೆಟ್ರೋಲ್ ಬರುತ್ತದೆ, ಐಡ್ಲಿಂಗ್‌ನಿಂದ ವೇಗಕ್ಕೆ ಹೋಗುವಾಗ ಎಂಜಿನ್ ಹಸಿಯಬಾರದು ಅಂತ.

ಹೀಗಿರುವಾಗ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿದರೆ ಎಂಜಿನ್ ನಿಲ್ಲಬೇಕು. ಊಟದ ಬಾಗಿಲು ಮುಚ್ಚಿದ ಹಾಗೆ. ನಿಲ್ಲದಿದ್ದರೆ ಬೇರೆ ಯಾವುದೋ ಬಾಗಿಲಿನಿಂದ ಊಟ ಹೋಗುತ್ತಿದೆ ಅಂತ ಅರ್ಥ. ಆ ಬಾಗಿಲು ಸಿಗುವವರೆಗೆ ಸ್ಕ್ರೂ ಅರ್ಧ ಸುತ್ತು, ಕಾಲು ಸುತ್ತು ಅಂತ ಎಷ್ಟು ತಿರುಗಿಸಿದರೂ ಅದು ಟ್ಯೂನಿಂಗ್ ಅಲ್ಲ, ಕೈಗೆ ವ್ಯಾಯಾಮ.

ಎಂಜಿನ್ ಬಿಸಿ ಮಾಡಿ ಸ್ಕ್ರೂ ಮೆಲ್ಲಗೆ ಒಳಗೆ ತಿರುಗಿಸುತ್ತಾ ಹೋದೆ. ತುದಿ ತಾಗಿತು. ಎಂಜಿನ್ ಏನೂ ಆಗದವರ ಹಾಗೆ ಓಡುತ್ತಲೇ ಇತ್ತು. ಸ್ಕ್ರೂ ಪೂರ್ತಿ ಬಿಚ್ಚಿ ಕೈಗೆ ತಗೊಂಡೆ. ಆಗಲೂ ಅದೇ ಸದ್ದು.

ಮೊದಲ ಬಾಗಿಲು ಕಣ್ಣಿಗೇ ಕಾಣುತ್ತಿತ್ತು. ಐಡ್ಲಿಂಗ್ ಸ್ಕ್ರೂ ಎಷ್ಟು ಒಳಗೆ ತಿರುಗಿತ್ತೆಂದರೆ ಥ್ರಾಟಲ್ ತಗಡು ಆ ಸೀಳನ್ನು ದಾಟಿ ತೆರೆದುಕೊಂಡಿತ್ತು. ಮೊದಲನೇ ಮೆಕ್ಯಾನಿಕ್ಕಿನ ಕೈಗುಣ. ಸ್ಕ್ರೂ ಹಿಂದೆ ತಿರುಗಿಸಿ ತಗಡು ಇರಬೇಕಾದ ಜಾಗಕ್ಕೆ ತಂದೆ. ಈಗ ಎಂಜಿನ್ ನಾಲ್ಕು ಸಲ ತಡವರಿಸಿ ನಿಂತೇ ಹೋಯಿತು. ಮಿಕ್ಸ್ಚರ್ ಸ್ಕ್ರೂ ಮೂರು ಸುತ್ತು ಹೊರಗೆ ತಂದರೂ ಐಡ್ಲಿಂಗ್ ಹಿಡಿಯಲಿಲ್ಲ.

ಇದು ವಿಚಿತ್ರ. ಹೊಗೆ ಉಗುಳುವ ಗಾಡಿ ಈಗ ಹಸಿದವನ ಹಾಗೆ ಆಡುತ್ತಿದೆ. ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿರಬೇಕು. ಏರ್ ಲೀಕ್ ಹುಡುಕಲು ಎಷ್ಟೋ ಜನ ಓಡುವ ಎಂಜಿನ್ನಿನ ಮೇಲೆ ಪೆಟ್ರೋಲ್ ಎರಚುತ್ತಾರೆ. ಕ್ಯಾಬಿನ್ ಒಳಗೇ ಎಂಜಿನ್ ಇರುವ ಗಾಡಿಯಲ್ಲಿ ಆ ಕೆಲಸ ಮಾಡಿದರೆ ಹುಬ್ಬು ಉಳಿಯಲ್ಲ. ಗಿಡಕ್ಕೆ ಹೊಡೆಯೋ ಸಣ್ಣ ಸ್ಪ್ರೇ ಬಾಟ್ಲಿಗೆ ನೀರು ತುಂಬಿಕೊಂಡೆ. ಲೀಕ್ ಇರುವ ಕಡೆ ನೀರು ಬಿದ್ದರೆ ಎಂಜಿನ್ ಒಂದು ಕ್ಷಣ ಸದ್ದು ಬದಲಿಸುತ್ತದೆ. ನನ್ನ ತಮ್ಮ ಆಕ್ಸಿಲರೇಟರ್ ಚೂರು ಹಿಡಿದು ಕೂತ. ಕಾರ್ಬುರೇಟರಿನ ತಳದ ಪ್ಯಾಕಿಂಗಿಗೆ ಹೊಡೆದೆ, ಏನೂ ಇಲ್ಲ. ಥ್ರಾಟಲ್ ಶಾಫ್ಟಿನ ಎರಡು ಕಡೆ ಹೊಡೆದೆ, ಒಂದು ಕಡೆ ಚೂರು ಬದಲಾಯಿತು. ಶಾಫ್ಟ್ ಸವೆದಿದೆ, ಆದರೆ ಇಷ್ಟು ತೊಂದರೆ ಕೊಡುವಷ್ಟಲ್ಲ.

ಅಷ್ಟರಲ್ಲಿ ಡ್ಯಾಶ್ ಬೋರ್ಡಿನ ಅಡಿಯಿಂದ ಹಾವು ಬುಸುಗುಟ್ಟಿದ ಹಾಗೆ ಒಂದು ಸದ್ದು ಕೇಳಿತು. ಬಗ್ಗಿ ನೋಡಿದರೆ ಬೆರಳು ಗಾತ್ರದ ಒಂದು ಹಳೇ ರಬ್ಬರ್ ಪೈಪು ನೇತಾಡುತ್ತಿತ್ತು. ತುದಿಗೆ ಇನ್ಸುಲೇಷನ್ ಟೇಪಿನ ಗಂಟು, ಅದೂ ಬಿಸಿಗೆ ಸಡಿಲಾಗಿ ಬಾಯಿ ಬಿಟ್ಟಿತ್ತು. ಹೆಬ್ಬೆರಳು ಇಟ್ಟೆ. ಚರ್ಮವನ್ನು ಹಾಗೇ ಕಚ್ಚಿ ಹಿಡಿಯಿತು. ಎಂಜಿನ್ ಸದ್ದು ಒಂದೇ ಸಲಕ್ಕೆ ಏರಿತು. ತಮ್ಮ ಆಕ್ಸಿಲರೇಟರ್ ಬಿಟ್ಟ. ಎಂಜಿನ್ ನಿಲ್ಲಲಿಲ್ಲ. ಬೆರಳು ತೆಗೆದೆ, ಕುಂಟಿತು. ಇಟ್ಟೆ, ಸರಿಯಾಯಿತು. ಚಿಕ್ಕಪ್ಪ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು.

“ಎಂತದಾ ಅದು?”

“ನಿಮ್ಮ ವೈಪರ್ ಪೈಪು, ಚಿಕ್ಕಪ್ಪ.”

ವೈಪರಿನ ಕಥೆ

ಹಳೇ ವಿಲ್ಲೀಸ್ ಗಾಡಿಗಳಲ್ಲಿ ವೈಪರ್ ಓಡುವುದು ಕರೆಂಟಿನಿಂದಲ್ಲ, ಎಂಜಿನ್ ಗಾಳಿ ಹೀರುವ ಬಲದಿಂದ. ಬಯಲುಸೀಮೆಯಲ್ಲಿ ಅದೊಂದು ಜಾಣತನದ ಕೆಲಸ, ಮಲೆನಾಡಿಗೆ ಬಂದರೆ ಶಾಪ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಹೀರುವ ಬಲ ಇಲ್ಲವಾಗುತ್ತದೆ. ಅಂದರೆ ಜೋರು ಮಳೆಯಲ್ಲಿ, ಲೋಡು ಹೇರಿಕೊಂಡು, ಏರು ಹತ್ತುವ ಹೊತ್ತಿಗೇ ಸರಿಯಾಗಿ ವೈಪರ್ ನಿಲ್ಲುತ್ತದೆ. ಇದಕ್ಕೆ ಆಸರೆಯಾಗಲಿ ಅಂತ ಪೆಟ್ರೋಲ್ ಪಂಪಿನ ಜೊತೆಗೇ ಗಾಳಿ ಹೀರುವ ಇನ್ನೊಂದು ಭಾಗ ಇರುತ್ತದೆ. ನಮ್ಮ ಗಾಡಿಯಲ್ಲಿ ಅದು ಯಾವತ್ತೋ ಸತ್ತು, ಯಾರೋ ಮಾಮೂಲಿ ಪಂಪ್ ಹಾಕಿದ್ದರು. ಕಳೆದ ಜೂನಿನಲ್ಲಿ ಕೊಟ್ಟಿಗೆಹಾರದ ಹತ್ತಿರ ಗ್ಲಾಸಿನಲ್ಲಿ ಏನೂ ಕಾಣದೆ ಚಿಕ್ಕಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಗಾಡಿ ಓಡಿಸಿದ್ದರಂತೆ. ಮರುದಿನವೇ ಪೇಟೆಯಲ್ಲಿ ಎಲೆಕ್ಟ್ರಿಕ್ ವೈಪರ್ ಹಾಕಿಸಿದರು. ಕೂರಿಸಿದವನು ಹಳೇ ಪೈಪಿನ ಬಾಯಿಗೆ ಟೇಪು ಸುತ್ತಿ ಕೈ ತೊಳೆದುಕೊಂಡ. ಅವನು ವೈರಿಂಗ್‌ನವನು, ಪೈಪಿನ ಇನ್ನೊಂದು ತುದಿ ಎಲ್ಲಿದೆ ಅಂತ ಅವನಿಗೇನು?

ಅಲ್ಲಿಂದ ಕಥೆ ಜೋಡಿಸುವುದು ಸುಲಭ. ಟೇಪು ಸಡಿಲಾಯಿತು, ಐಡ್ಲಿಂಗ್ ಏರಿಳಿಯತೊಡಗಿತು. ಮೊದಲನೆಯವನು ಥ್ರಾಟಲ್ ತೆರೆದಿಟ್ಟ. ತೆರೆದಿಟ್ಟದ್ದಕ್ಕೆ ಮುಗ್ಗರಿಸುವ ಕಾಟ ಬಂತು. ಎರಡನೆಯವನು ಆ ಕಾಟಕ್ಕೆ ಪೆಟ್ರೋಲ್ ಸುರಿದ. ಒಬ್ಬರ ಮದ್ದಿಗೆ ಇನ್ನೊಬ್ಬರ ಮದ್ದು.

ಪೈಪಿಗೆ ಬೂಚು ಹೊಡೆದ ಮೇಲೆ ಮತ್ತೆ ಸ್ಕ್ರೂ ಪರೀಕ್ಷೆ ಮಾಡಿದೆ. ಪೂರ್ತಿ ಒಳಗೆ ತಿರುಗಿಸಿದರೆ ಎಂಜಿನ್ ಕುಂಟಿತು, ಆದರೂ ಸಾಯಲಿಲ್ಲ. ಇನ್ನೂ ಒಂದು ಬಾಗಿಲು ತೆರೆದಿದೆ. ಎಂಜಿನ್ ಆಫ್ ಮಾಡಿ, ಏರ್ ಕ್ಲೀನರ್ ತೆಗೆದು, ಟಾರ್ಚ್ ಹಿಡಿದು ಗಂಟಲಿನೊಳಗೆ ನೋಡುತ್ತಾ ಆಕ್ಸಿಲರೇಟರ್ ಒತ್ತಿಸಿದೆ. ಕಾರ್ಬುರೇಟರಿನೊಳಗಿನ ಆಕ್ಸಿಲರೇಟರ್ ಪಂಪಿನ ತೂತಿನಿಂದ ಒಂದು ಗಟ್ಟಿ ಧಾರೆ ಚಿಮ್ಮಬೇಕು. ಒಂದು ಹನಿ ಜೊಲ್ಲು ಸುರಿದಂತೆ ಇಳಿಯಿತು.

ಕಾರ್ಬುರೇಟರ್ ಇಳಿಸಿ ಹಳೇ ಪಾತ್ರೆಯೊಳಗೆ ಬಿಚ್ಚಿದೆ. ವೈಎಫ್‌ನಲ್ಲಿ ರಬ್ಬರ್ ಬಟ್ಟೆಯ ಒಂದು ಪೊರೆ, ಅಂದರೆ ಡಯಾಫ್ರಾಮ್, ಎರಡು ಕೆಲಸ ಮಾಡುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಚಿಮ್ಮಿಸುವುದು ಅದೇ. ಮೇನ್ ಜೆಟ್ಟಿನೊಳಗೆ ಇಳಿದಿರುವ ಸಣ್ಣ ರಾಡನ್ನು ಏರಿಸಿ ಇಳಿಸಿ ಪೆಟ್ರೋಲ್ ಅಳೆಯುವುದೂ ಅದೇ. ಅದರ ಅಡಿಗೆ ಮ್ಯಾನಿಫೋಲ್ಡಿನ ಹೀರುವ ಬಲ, ಮೇಲೆ ಪೆಟ್ರೋಲ್. ನಮ್ಮದು ಅಂಚಿನಲ್ಲಿ ಅರ್ಧ ಇಂಚು ಸೀಳಿತ್ತು. ಎಂಜಿನ್ ಆ ಸೀಳಿನಿಂದ ನೇರ ಪೆಟ್ರೋಲ್ ಕುಡಿಯುತ್ತಿತ್ತು. ರಬ್ಬರ್ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಹಳೇ ರಬ್ಬರಿಗೆ ಎಥೆನಾಲ್ ಆಗಿಬರಲ್ಲ, ನಿಜ. ಆದರೆ ಇದು ಎಷ್ಟು ವರ್ಷದ್ದೋ, ಎಲ್ಲವನ್ನೂ ಎಥೆನಾಲ್ ತಲೆಗೆ ಕಟ್ಟುವುದು ಸರಿಯಲ್ಲ.

ಮೇನ್ ಜೆಟ್ಟಿಗೆ ಟಾರ್ಚ್ ಹಿಡಿದರೆ ಒಳಗೋಡೆಯ ಮೇಲೆ ಗೀರು. ಯಾರೋ ತಂತಿಯಿಂದ ಕೆರೆದು ದೊಡ್ಡದು ಮಾಡಿದ್ದರು. ಬಟ್ಟಲಲ್ಲಿ ತೇಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟನ್ನೂ ಮೇಲಕ್ಕೆ ಬಗ್ಗಿಸಿ, ಆ ಮಟ್ಟ ಏರುವಂತೆ ಮಾಡಿದ್ದರು. ಹಿತ್ತಾಳೆ ಜೆಟ್ಟನ್ನು ಕೆರೆಯುವುದು ಅಂದರೆ ತಕ್ಕಡಿ ಬಟ್ಟನ್ನು ಅರೆದ ಹಾಗೆ. ಒಮ್ಮೆ ಕೆರೆದರೆ ಮುಗಿಯಿತು, ವಾಪಸ್ ಬರಲ್ಲ.

ಬೆಂಗಳೂರಿನ ಜೆ.ಸಿ. ರೋಡಿನಿಂದ ಕಿಟ್ ತರಿಸಿದೆ. ಡಯಾಫ್ರಾಮ್, ನೀಡಲ್ ಮತ್ತು ಸೀಟು, ಪ್ಯಾಕಿಂಗ್ ಎಲ್ಲ ಅದರಲ್ಲಿತ್ತು. ಜೆಟ್ ಇರಲಿಲ್ಲ. ಗೆಳೆಯರೊಬ್ಬರ ಶೆಡ್ಡಿನಲ್ಲಿ ಕೋಳಿ ಗೂಡಿನ ಪಕ್ಕ ಬಿದ್ದಿದ್ದ ಇನ್ನೊಂದು ವೈಎಫ್‌ನಿಂದ ಕೆರೆಯದ ಜೆಟ್ ಸಿಕ್ಕಿತು.

ಎರಡು ಸಲ ಕೂರಿಸಿದ್ದು

ಒಂದೇ ಸಲಕ್ಕೆ ಆಯಿತು ಅಂತ ಹೇಳಬಹುದಿತ್ತು, ಆದರೆ ಆಗಲಿಲ್ಲ. ಫ್ಲೋಟನ್ನು ಕಿಟ್ಟಿನ ಚೀಟಿಯ ಅಳತೆಗೆ ಸರಿ ಮಾಡಿದೆ. ಎಲ್ಲ ಜೋಡಿಸಿ ಓಡಿಸಿದರೆ ಐಡ್ಲಿಂಗ್ ಚೆನ್ನಾಗಿದೆ, ಸಮ ರಸ್ತೆಯಲ್ಲಿ ಮತ್ತೆ ಹೊಗೆ. ಅರ್ಧ ದಿನ ತಲೆ ಕೆರೆದುಕೊಂಡೆ. ತಪ್ಪು ಮೇನ್ ಜೆಟ್ಟಿನೊಳಗಿನ ಆ ರಾಡಿನದ್ದು. ಅದನ್ನು ಹೊಂದಿಸುವಾಗ ಐಡ್ಲಿಂಗ್ ಸ್ಕ್ರೂ ಪೂರ್ತಿ ಹಿಂದೆ ತಂದು, ಥ್ರಾಟಲ್ ಬಿಗಿಯಾಗಿ ಮುಚ್ಚಿ, ಡಯಾಫ್ರಾಮಿನ ದಂಡನ್ನು ತಳಕ್ಕೆ ಒತ್ತಿ ಹಿಡಿಯಬೇಕು. ನಾನು ಸ್ಕ್ರೂ ಹಿಂದೆ ತರದೆಯೇ ಹೊಂದಿಸಿದ್ದೆ. ರಾಡು ಕೂದಲೆಳೆಯಷ್ಟು ಎತ್ತರ ಕೂತಿತ್ತು. ಅಷ್ಟೇ ಸಾಕು, ಜೆಟ್ ಸದಾ ಅರ್ಧ ಬಾಯಿ ತೆರೆದಿರುತ್ತದೆ. ಮತ್ತೆ ಬಿಚ್ಚಿ ಕೂರಿಸಿದೆ.

ಈಗ ನಿಜವಾದ ಟ್ಯೂನಿಂಗ್. ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ತಾಗುವವರೆಗೆ ಒಳಗೆ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಬಿಗಿದರೆ ಚೂಪು ತುದಿಯಲ್ಲಿ ಉಂಗುರದ ಗುರುತು ಬೀಳುತ್ತದೆ, ಆಮೇಲೆ ಅದು ಸರಿಯಾಗಿ ಅಳೆಯಲ್ಲ. ಎಂಜಿನ್ ಪೂರ್ತಿ ಬಿಸಿಯಾಗಲು ಇಪ್ಪತ್ತು ನಿಮಿಷ ಓಡಿಸಿದೆ. ಅದೇ ಹಳೇ ವೈಪರ್ ಪೈಪಿಗೆ ವ್ಯಾಕ್ಯೂಮ್ ಗೇಜ್ (ಹೀರುವ ಬಲ ಅಳೆಯುವ ಮೀಟರ್) ಸಿಕ್ಕಿಸಿದೆ. ಕೊನೆಗೂ ಅದರಿಂದ ಒಂದು ಉಪಯೋಗ ಆಯಿತು. ಸ್ಕ್ರೂ ಅರ್ಧಪಾವು ಸುತ್ತು ತಿರುಗಿಸುವುದು, ಹತ್ತು ಎಣಿಸುವುದು, ಮುಳ್ಳು ನೋಡುವುದು. ಮುಳ್ಳು ಅತಿ ಎತ್ತರ ಏರಿದ ಜಾಗ ಸಿಕ್ಕಿದ ಮೇಲೆ ಒಳಗೆ ತಿರುಗಿಸುತ್ತಾ, ಎಂಜಿನ್ ಇಳಿಯತೊಡಗಿದ ಕಡೆಯಿಂದ ಚೂರೇ ಚೂರು ವಾಪಸ್. ಐಡ್ಲಿಂಗ್ ಏರಿದ್ದರೆ 600ಕ್ಕೆ ಇಳಿಸಿ ಮತ್ತೆ ಅದೇ ಆಟ. ಮೂರು ಸುತ್ತಿನ ಮೇಲೆ ಮುಳ್ಳು ಪಾದರಸದ ಲೆಕ್ಕದ 16 ಇಂಚಿನಲ್ಲಿ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು.

ಮಂಗಳೂರಿನ ಪರಿಚಯದವರೊಬ್ಬರಿಗೆ ಫೋನಿನಲ್ಲಿ ಹೇಳಿದರೆ, “16 ಸಾಲದು, 19 ಬರಬೇಕು, ವಾಲ್ವ್ ನೋಡಿ” ಅಂದರು. ಅವರ ಊರಿಗೆ ಅದು ಸರಿ. ಪ್ರತಿ ಸಾವಿರ ಅಡಿ ಮೇಲೆ ಹೋದಂತೆ ಗೇಜಿನಲ್ಲಿ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ನಮ್ಮದು 3,300 ಅಡಿ. ಇಲ್ಲಿಯ 16 ಅಂದರೆ ಅಲ್ಲಿಯ 19. ಎತ್ತರದ ನನ್ನ ಪಾಂಡಿತ್ಯ ಕೊನೆಗೆ ಇಷ್ಟಕ್ಕಾದರೂ ಬಂತು.

ಪ್ಲಗ್ಗಿನ ಬಣ್ಣ ನೋಡಿ ಹೇಳುವ ಹಳೇ ವಿದ್ಯೆ ನಂಬಿ ಕೂರಬೇಡಿ. ಸೀಸ ಇದ್ದ ಕಾಲದ ಪೆಟ್ರೋಲಿಗೆ ಕಾಫಿ ಬಣ್ಣ ಬರುತ್ತಿತ್ತು. ಈಗಿನದ್ದಕ್ಕೆ ಬಣ್ಣ ಹತ್ತುವುದೇ ಅಪರೂಪ. ಬಿಳಿಚಿಕೊಂಡಿದೆ ಅಂತ ಹೆದರಿ ಪೆಟ್ರೋಲ್ ಜಾಸ್ತಿ ಮಾಡಿದರೆ ಮತ್ತೆ ಮೊದಲಿನ ಕಥೆ. ನಾನು ನಂಬಿದ್ದು ಎಮಿಷನ್ ಹುಡುಗನ ಮೆಷಿನ್ನನ್ನು. ಈ ಸಲ 1.9 ಬಂತು. ಅವನು ಪೈಪು ಸರಿಯಾಗಿ ಹೋಗಿಲ್ಲ ಅಂದುಕೊಂಡು ತೆಗೆದು ಮತ್ತೆ ಹಾಕಿದ. ಮತ್ತೆ 1.9.

ಎರಡು ಟ್ಯಾಂಕ್ ಓಡಿಸಿದ ಮೇಲೆ ಲೆಕ್ಕ ಹಾಕಿದರೆ ಲೀಟರಿಗೆ ಎಂಟರ ಹತ್ತಿರ. ಮುಗ್ಗರಿಸುವುದು ನಿಂತಿದೆ. ಎಲ್ಲ ಸರಿಯಾಗಿದೆ ಅಂತಲ್ಲ. ಸವೆದ ಥ್ರಾಟಲ್ ಶಾಫ್ಟಿಗೆ ಬುಷ್ ಹಾಕಿಸಬೇಕು, ಬಿಸಿಲಲ್ಲಿ ತುಂಬಾ ಓಡಿಸಿದ ದಿನ ಐಡ್ಲಿಂಗ್ ಇನ್ನೂ ಸ್ವಲ್ಪ ಅಲುಗುತ್ತದೆ. ಎಂಜಿನ್ ಪೆಟ್ಟಿಗೆಯೊಳಗೆ ಕಾವು ಜಾಸ್ತಿ, ಬೇಸಿಗೆಯಲ್ಲಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುವ ಕಾಟ ಏಪ್ರಿಲ್ ಬಂದ ಮೇಲೆ ನೋಡಬೇಕು.

ವೈಪರ್ ಪೈಪನ್ನು ಬುಡದಲ್ಲೇ ತೆಗೆದು, ಹೆಡ್ಡಿನ ತೂತಿಗೆ ಹಿತ್ತಾಳೆಯ ಬೋಲ್ಟ್ ಕೂರಿಸಿದೆ. ಚಿಕ್ಕಪ್ಪ ತೆಗೆದ ಪೈಪನ್ನು ಕೈಯಲ್ಲಿ ಹಿಡಿದು, ಒಂದು ತುದಿಗೆ ಬಾಯಿ ಇಟ್ಟು ಊದಿ ನೋಡಿದರು.

“ಹಾಗಾದ್ರೆ ವೈಪರ್ ಹಾಕ್ಸಿದ್ದೇ ತಪ್ಪಾ?”

“ವೈಪರ್ ಹಾಕ್ಸಿದ್ದಲ್ಲ ಚಿಕ್ಕಪ್ಪ, ಟೇಪು.”

“ಎಂಜಿನ್ನಿಗೆ ಎಂತದೂ ಮಾಡ್ಸಿಲ್ಲ ಅಂದಿದ್ನಲ್ಲ ನಾನು” ಅಂದರು. ಪೈಪನ್ನು ಸೀಟಿನ ಹಿಂದೆ ಎಸೆದು, ಅಭ್ಯಾಸಬಲದಿಂದ ಚೋಕ್ ಎಳೆದು, ನಾನು ಕಿರುಚಿದ ಮೇಲೆ ವಾಪಸ್ ಒತ್ತಿ, ಗಾಡಿ ಹೊರಡಿಸಿದರು.